ಆ್ಯಪ್ ಬಿಟ್ಟು ಮಿಸ್ಡ್ ಕಾಲ್ ಹಿಡಿದೆ: ವಿಕ್ರಮಗಡದ ಮೊಗ್ರಾ ಅನುಭವ

"ಆ್ಯಪ್ ಇಲ್ಲದೆ ಅದೆಂಥ ಡಿಜಿಟಲ್ ರೀ?" ಅಂತ ನಕ್ಕವರು ಮುಂಬೈನ ಮುಲುಂಡ್, ಮಾಟುಂಗಾದ ನಮ್ಮ ಕನ್ನಡದ ಗೆಳೆಯರೇ. ಈಗ ಎರಡು ಹಂಗಾಮು ದಾಟಿವೆ. ಪಾಲ್ಘರ್ ಜಿಲ್ಲೆಯ ವಿಕ್ರಮಗಡ, ಜವ್ಹಾರ್ ಕಡೆಯ ಎಪ್ಪತ್ತು-ಎಂಬತ್ತು ವಾರ್ಲಿ ಆದಿವಾಸಿ ಮನೆಗಳು ಹೂವಿನ ದರ ತಿಳಿಯಲು ನನ್ನ ಮಿಸ್ಡ್ ಕಾಲ್ ನಂಬರ್ ಬಳಸುತ್ತಿವೆ. ನಕ್ಕವರಲ್ಲೇ ಇಬ್ಬರು ಮೊನ್ನೆ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿಯ ಮೊಗ್ರಾ, ಅಂದರೆ ನಮ್ಮ ದುಂಡುಮಲ್ಲಿಗೆ, ಮುಂಬೈನ ದಾದರ್ ಹೂವಿನ ಮಾರ್ಕೆಟ್‌ಗೆ ಬರುತ್ತದೆ, ಗೊತ್ತಲ್ವಾ. ನಸುಕಿನಲ್ಲಿ ಮೊಗ್ಗು ಕಿತ್ತು ಚೀಲ ಟೆಂಪೋಗೆ ಹಾಕಿದರೆ ರೈತನ ಕೆಲಸ ಮುಗಿಯಿತು. ಆ ದಿನ ದರ ಎಷ್ಟಿತ್ತು? ವಾರದ ಕೊನೆಗೆ ವ್ಯಾಪಾರಿ ಲೆಕ್ಕದ ಪಟ್ಟಿಯಲ್ಲಿ ಬರೆದದ್ದೇ ದರ.

ಮೊದಲು ಎಲ್ಲರಂತೆ ಆ್ಯಪೇ ಮಾಡಿಸಿದ್ದು. ತೊಂಬತ್ತು ಸಾವಿರದ ಹತ್ತಿರ ಹೋಯಿತು. ಚೆನ್ನಾಗೇ ಇತ್ತು, ಗ್ರಾಫ್ ಎಲ್ಲ ಬರುತ್ತಿತ್ತು. ಆದರೆ ಪಾಡಾಗಳಲ್ಲಿ, ಅಂದರೆ ಆದಿವಾಸಿ ಹಾಡಿಗಳಲ್ಲಿ, ಸ್ಮಾರ್ಟ್‌ಫೋನ್ ಮನೆಗೊಂದು ಇದ್ದರೆ ಜಾಸ್ತಿ. ಅದೂ ಮಗನ ಕೈಯಲ್ಲಿ. ದೀಪಾವಳಿ ಆದ ಮೇಲೆ ಮಗ ಭಿವಂಡಿ, ವಸಯಿ ಕಡೆ ಇಟ್ಟಿಗೆ ಭಟ್ಟಿಗೆ ಹೋದರೆ ಫೋನೂ ಅವನ ಜೊತೆ ಹೋಯಿತು.

ಆಮೇಲೆ ಎಸ್ಸೆಮ್ಮೆಸ್. ಒಟ್ಟಿಗೆ ತುಂಬ ಜನಕ್ಕೆ ಸಂದೇಶ ಕಳಿಸುವವರು ಮಾಡಿಸಬೇಕಾದ ಡಿಎಲ್‌ಟಿ ನೋಂದಣಿಗೆ ಐದಾರು ಸಾವಿರ, ಕಳಿಸುವವರ ಹೆಸರು (ಹೆಡರ್), ಸಂದೇಶದ ನಮೂನೆ (ಟೆಂಪ್ಲೇಟ್) ಅಂತ ವಾರಗಟ್ಟಲೆ ಓಡಾಟ. ಕೊನೆಗೆ ಸಂದೇಶ ಹೋಯಿತು, ಓದಿದವರಿಲ್ಲ. ಬಲ್ಕ್ ವಾಯ್ಸ್ ಕಾಲ್ ಕೂಡ ನೋಡಿದೆ. ಜಾಹೀರಾತು ಕರೆ ಬೇಡ ಅಂತ ಡಿಎನ್‌ಡಿ ಹಾಕಿದ ನಂಬರ್‌ಗೆ ಹೋಗುವುದಿಲ್ಲ. ಹೋದರೂ ಕೂದಲೆಣ್ಣೆ ಜಾಹೀರಾತು ಅಂದುಕೊಂಡು ಕಟ್ ಮಾಡುತ್ತಿದ್ದರು.

ಮಿಸ್ಡ್ ಕಾಲ್‌ನಲ್ಲಿ ಆ ತಾಪತ್ರಯ ಇಲ್ಲ. ಬೇಕಾದವರೇ ಒಂದು ರಿಂಗ್ ಕೊಡುತ್ತಾರೆ, ವಾಪಸ್ ಕಾಲ್ ಬಂದು ರೆಕಾರ್ಡಿಂಗ್ ಕೇಳಿಸುತ್ತದೆ. ಬಟನ್ ಫೋನ್ ಸಾಕು, ಇಂಟರ್ನೆಟ್ ಬೇಡ. "ಇವತ್ತಿಗೆ 1 ಒತ್ತಿ, ನಿನ್ನೆಗೆ 2 ಒತ್ತಿ" ಅನ್ನುವ ಆಟ ನಡೆಯಲಿಲ್ಲ, ಒಂದೇ ವಾರದಲ್ಲಿ ತೆಗೆದೆ. ಈಗ ಏಳೂ ದಿನದ ದರ ಸಾಲಾಗಿ ಬರುತ್ತದೆ, ನಲವತ್ತು ಸೆಕೆಂಡಿನೊಳಗೆ.

ಧ್ವನಿ ಯಾರದ್ದು ಅನ್ನುವುದೇ ಅರ್ಧ ಕೆಲಸ. ಮೊದಲು ಮುಂಬೈನಲ್ಲಿ ದುಡ್ಡು ಕೊಟ್ಟು ಶುದ್ಧ ಮರಾಠಿಯಲ್ಲಿ ಮಾಡಿಸಿದ್ದೆ. ಸರ್ಕಾರಿ ಪ್ರಕಟಣೆ ಇರಬೇಕು ಅಂತ ಯಾರೂ ಪೂರ್ತಿ ಕೇಳಲಿಲ್ಲ. ಈಗ ಅದೇ ಪಾಡಾದ ಹನ್ನೆರಡನೇ ಕ್ಲಾಸ್ ಪಾಸಾದ ಹುಡುಗಿ ವಾರ್ಲಿಯಲ್ಲೇ ಹೇಳುತ್ತಾಳೆ. ದಿನಾ ಹತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಆಡಿಯೋ ಕಳಿಸುತ್ತಾಳೆ, ನೂರಿನ್ನೂರು ಕೆಬಿ ಫೈಲು, ಒಂದು ಕಡ್ಡಿ ಸಿಗ್ನಲ್ ಇದ್ದರೂ ಬಂದುಬಿಡುತ್ತದೆ. ದಾದರ್ ದರ ಅವಳಿಗೆ ಯಾರಿಂದ ತಲುಪುತ್ತದೆ, ಆ ದರ ನಿಜ ಅಂತ ಹೇಗೆ ಖಾತ್ರಿ ಮಾಡಿಕೊಳ್ಳುತ್ತೇನೆ, ಎರಡನ್ನೂ ಇಲ್ಲಿ ಹೇಳುವುದಿಲ್ಲ. ಮಾರ್ಕೆಟ್‌ನಲ್ಲಿ ಓಡಾಡಿದವರು ಊಹಿಸಿಕೊಳ್ಳಿ.

"ಮೊಗ್ಗು ಅರಳುವ ಮೊದಲು ಕೀಳಲೇಬೇಕು, ದರ ಗೊತ್ತಾಗಿ ಏನು ಲಾಭ?" ಇದು ದೊಡ್ಡ ಅನುಮಾನ. ಲಾಭ ಕೀಳುವಾಗ ಅಲ್ಲ, ಪಟ್ಟಿ ಕೈಗೆ ಬಂದಾಗ. ಮಂಡಿಯ ದರಕ್ಕೂ ಪಟ್ಟಿಯ ದರಕ್ಕೂ ಕಿಲೋಗೆ ನಲವತ್ತು-ಐವತ್ತು ರೂಪಾಯಿ ಫರಕು ಇರುತ್ತಿತ್ತು, ಕಮಿಷನ್ ಬೇರೆ. ಈಗ ಹೆಂಗಸರು ವ್ಯಾಪಾರಿ ಎದುರೇ ಮಿಸ್ಡ್ ಕಾಲ್ ಕೊಟ್ಟು ಸ್ಪೀಕರ್ ಹಾಕುತ್ತಾರೆ. ಫರಕು ಹತ್ತು-ಹದಿನೈದಕ್ಕೆ ಇಳಿದಿದೆ. ಬೇಸಿಗೆಯಲ್ಲಿ ಹೂ ಜಾಸ್ತಿ, ದರ ಬಿದ್ದಿರುತ್ತದೆ. ಆಗ ಆ ಮೂವತ್ತು ರೂಪಾಯಿಯೇ ಆಸರೆ. ಇಷ್ಟು ಹೇಳಿಕೊಳ್ಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ನಡುವೆ ಒಂದೆರಡು ಅಡ್ಡದಾರಿ. ಅಲ್ಲಿ ನಾಚಣಿ, ಅಂದರೆ ನಮ್ಮ ರಾಗಿ, ಚೆನ್ನಾಗಿ ಬೆಳೆಯುತ್ತದೆ. ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮಾರಲು ನೋಡಿದೆ. ಮೊದಲ ಸಲ ಎರಡು ಕ್ವಿಂಟಾಲ್ ಹೋಯಿತು. ಎರಡನೇ ಸಲ "ಕಲ್ಲಿದೆ, ಮುದ್ದೆ ಕಟ್ಟಲ್ಲ" ಅಂದರು. ಸ್ವಚ್ಛ ಮಾಡಿಸುವ ಕೂಲಿಗೇ ಲಾಭ ಹೋಯಿತು, ನಿಲ್ಲಿಸಿದೆ.

ರೈತರಿಗೆ ಕೇಂದ್ರ ಸರ್ಕಾರ ಹಣ ಕೊಡುವ ಪಿಎಂ ಕಿಸಾನ್ ಯೋಜನೆಯ ಇ-ಕೆವೈಸಿ, ಅಂದರೆ ಗುರುತಿನ ಪರಿಶೀಲನೆ, ಮಾತ್ರ ಅಚಾನಕ್ಕಾಗಿ ಕೈ ಹಿಡಿಯಿತು. ಅದು ಆಗದೆ ವರ್ಷಕ್ಕೆ 2000ದ ಮೂರು ಕಂತು ಎಷ್ಟೋ ಮನೆಗಳಿಗೆ ನಿಂತುಹೋಗಿತ್ತು. ರೀಚಾರ್ಜ್ ಇಲ್ಲದೆ ಸಿಮ್ ಸತ್ತು, ಆಧಾರ್‌ಗೆ ಜೋಡಿಸಿದ ನಂಬರ್ ಇನ್ಯಾರದ್ದೋ ಆಗಿರುತ್ತದೆ. ಓಟಿಪಿ ಎಲ್ಲಿಂದ ಬರಬೇಕು? ಕಲ್ಲು-ಮಣ್ಣಿನ ಕೆಲಸಕ್ಕೆ ಬೆರಳಚ್ಚೂ ಸವೆದಿರುತ್ತದೆ. 2023ರಲ್ಲಿ ಮುಖ ತೋರಿಸಿ ಕೆವೈಸಿ ಮಾಡುವ ಸೌಲಭ್ಯ ಬಂತು. ಅದೇ ಹುಡುಗಿ ಒಂದೇ ಫೋನಿನಲ್ಲಿ ಮೂವತ್ತಕ್ಕೂ ಜಾಸ್ತಿ ಜನರದ್ದು ಮುಗಿಸಿದಳು. ಹಿರಿಯರನ್ನು ನೆರಳಿನಲ್ಲಿ, ಬಿಳಿ ಗೋಡೆ ಮುಂದೆ ಕೂರಿಸಿ. ಬಿಸಿಲಲ್ಲಿ ಕಣ್ಣು ಕಿರಿದು ಮಾಡಿದರೆ ಆ್ಯಪ್ ಒಪ್ಪುವುದಿಲ್ಲ. ಅರಣ್ಯ ಹಕ್ಕಿನ ಪಟ್ಟಾ ಇರುವವರ ಕಾಗದ ಬೇರೆಯೇ ಗೋಳು, ಅದಕ್ಕೆ ಫೋನಿನಲ್ಲಿ ಮದ್ದಿಲ್ಲ.

ಖರ್ಚು ಹೇಳಿಬಿಡುತ್ತೇನೆ. ನಂಬರ್ ಬಾಡಿಗೆ, ವಾಪಸ್ ಕಾಲ್ ಎಲ್ಲ ಸೇರಿ ತಿಂಗಳಿಗೆ ಎರಡು ಸಾವಿರದ ಆಸುಪಾಸು. ಹುಡುಗಿಗೆ ಮೂರು ಸಾವಿರ. ಇದನ್ನು ಸೇವೆ ಅಂತ ಸುಮ್ನೆ ಮಾಡಿಸಬೇಡಿ, ಎರಡೇ ತಿಂಗಳಲ್ಲಿ ನಿಂತುಹೋಗುತ್ತದೆ. ಹೂವಿನ ಹಂಗಾಮಿನಲ್ಲಿ ಆ ಐದು ಸಾವಿರವನ್ನು ಮನೆಗಳವರೇ ಕೂಡಿ ಕೊಡುತ್ತಾರೆ. ಜೋರು ಮಳೆಗಾಲದ ಎರಡು ತಿಂಗಳದ್ದು ಇನ್ನೂ ನನ್ನ ಜೇಬಿನಿಂದಲೇ ಹೋಗುತ್ತಿದೆ.