ಒಣ ಕಸದ ಕರಾರು: ಸಹಿಗೆ ಮೊದಲು ಚೀಲ ಬಿಚ್ಚಿ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಒಣ ಕಸ ಒಯ್ಯುವವರೊಂದಿಗಿನ ಕರಾರು ನವೀಕರಣವಾಗುವ ಚಂದವನ್ನು ನೋಡಬೇಕು. ಸರ್ವಸದಸ್ಯರ ಸಭೆಯಲ್ಲಿ ಪಾರ್ಕಿಂಗ್ ಜಗಳ ಮುಗಿದು ಕಾಫಿ ಬಂದ ಮೇಲೆ ಕಾರ್ಯದರ್ಶಿ ‘ಹಳೆಯ ಷರತ್ತುಗಳೇ, ಶೇ 10 ಹೆಚ್ಚು’ ಎನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಮೂರು ತಿಂಗಳಿಗೆ ಬೇಸ್‌ಮೆಂಟಿನಲ್ಲಿ ಥರ್ಮೊಕೋಲ್ ಗುಡ್ಡ ಬೆಳೆದಾಗ ಅದೇ ಜನ ಕಾರ್ಯದರ್ಶಿಯ ಮನೆಯ ಬೆಲ್ ಒತ್ತುತ್ತಾರೆ. ಒಂದು ಸಲ ಆ ಬೆಲ್ ನನ್ನ ಮನೆಯದೇ ಆಗಿತ್ತು.

ಮೊದಲ ಹೆಜ್ಜೆ ಸುಲಭ. ಅವಧಿ ಮುಗಿಯಲು ಮೂರು ತಿಂಗಳಿರುವಾಗಲೇ ಹಳೆಯ ಕರಾರಿನ ಪ್ರತಿ ಹುಡುಕಿ. ‘ಲಿಖಿತವಾಗಿ ತಿಳಿಸದಿದ್ದರೆ ತಾನಾಗಿಯೇ ಮುಂದುವರಿಯುತ್ತದೆ’ ಎಂಬ ಸಾಲು ಕೊನೆಯ ಪುಟದಲ್ಲಿ ಅಡಗಿದ್ದರೆ ತಡಮಾಡದೆ ಒಂದು ಪತ್ರ ಕೊಡಿ.

ಎರಡನೆಯದು ನಿಮ್ಮ ಕಸದಲ್ಲಿ ಏನಿದೆ, ಎಷ್ಟಿದೆ ಎಂದು ತಿಳಿಯುವುದು. ಎಲ್ಲರೂ ಎಡವುವುದು ಇಲ್ಲೇ. ‘ಎಷ್ಟು ಕಸ ಬರುತ್ತದೆ’ ಎಂದು ಒಯ್ಯುವವರನ್ನೇ ಕೇಳಿ ಅವರು ಹೇಳಿದ ಅಂಕಿಯನ್ನೇ ಬರೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಒಂದು ವಾರದ ಒಣ ಕಸವನ್ನು ಕೊಡದೆ ಇಟ್ಟುಕೊಳ್ಳಿ. ಆಯುಧಪೂಜೆ, ದೀಪಾವಳಿಯ ವಾರ ಬೇಡ. ಆಗ ಅಟ್ಟದ ಸಾಮಾನೆಲ್ಲ ಕೆಳಗಿಳಿದಿರುತ್ತದೆ. ಭಾನುವಾರ ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಟಾರ್ಪಾಲು ಹಾಸಿ, ಕೈಗವಸು ತೊಟ್ಟು, ಚೀಲಗಳನ್ನು ಸುರಿಯಿರಿ. ಸಂಘದ ಪದಾಧಿಕಾರಿಗಳು ಸ್ವತಃ ಕೂರಬೇಕು. ಸ್ವಚ್ಛತಾ ಸಿಬ್ಬಂದಿಗೆ ಒಪ್ಪಿಸಿ ಮೇಲಿನಿಂದ ಫೋಟೊ ತೆಗೆಯುವುದಲ್ಲ.

ಆರು ರಾಶಿ ಮಾಡಿ. ರಟ್ಟು, ಕಾಗದ ಒಂದು. ನೀರಿನ ಬಾಟಲಿ, ಶಾಂಪೂ ಡಬ್ಬಿಯಂಥ ಗಟ್ಟಿ ಪ್ಲಾಸ್ಟಿಕ್ ಒಂದು. ಗಾಜು, ತಗಡು ಬೇರೆ ಬೇರೆ. ಹಾಲಿನ ಕವರಿನಂಥ ತೆಳು ಪ್ಲಾಸ್ಟಿಕ್ ಐದನೆಯದು. ಚಿಪ್ಸ್ ಪೊಟ್ಟಣ, ಥರ್ಮೊಕೋಲ್, ಹರಿದ ಚಪ್ಪಲಿ, ಜೊತೆಗೆ ಚೀಲಕ್ಕೆ ಬರಲೇಬಾರದಿದ್ದ ಡೈಪರ್ ಮತ್ತು ಎಂಜಲು ಡಬ್ಬಿ ಆರನೆಯದು. ಒಂದೊಂದನ್ನೂ ತೂಗಿ ಬರೆಯಿರಿ. ನೇತುಹಾಕುವ ಅಗ್ಗದ ಡಿಜಿಟಲ್ ತಕ್ಕಡಿಗೆ ಮಾತ್ರ ದುಡ್ಡು ಹಾಕಬೇಡಿ; ಒಂದೇ ಚೀಲವನ್ನು ಮೂರು ಸಲ ತೂಗಿದರೆ ಮೂರು ತೂಕ ತೋರಿಸುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ, ನೆಲದ ಮೇಲಿಡುವ ತಕ್ಕಡಿಯೇ ಸರಿ. ಮುಂದೆ ಜಗಳವಾದರೆ ನಿಲ್ಲುವುದು ಅದರ ಲೆಕ್ಕ.

ಹಾಲಿನ ಕವರನ್ನೇ ನೋಡಿ. ಮೂಲೆಯನ್ನು ಪೂರ್ತಿ ಕತ್ತರಿಸಿದರೆ ಉಗುರಿನಷ್ಟಿರುವ ಆ ತ್ರಿಕೋನ ಯಾವ ರಾಶಿಗೂ ಸೇರದೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಅರ್ಧ ಕತ್ತರಿಸಿ ಜೋತು ಬಿಟ್ಟು, ಕವರನ್ನು ತೊಳೆದು ಒಣಗಿಸಿದರೆ ಅದು ಮಾರುವ ಮಾಲು. ತೊಳೆಯದಿದ್ದರೆ ಎರಡೇ ದಿನಕ್ಕೆ ಹುಳಿನಾತ. ನಮ್ಮ ಟಾರ್ಪಾಲಿನ ಮೇಲೆ ಸಾಂಬಾರು ಉಳಿದಿದ್ದ ಒಂದು ಪಾರ್ಸೆಲ್ ಡಬ್ಬಿ ಸುತ್ತಲಿನ ರಟ್ಟನ್ನೆಲ್ಲ ನೆನೆಸಿ ಆರನೆಯ ರಾಶಿಗೆ ತಳ್ಳಿತ್ತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರಿನಂಥದ್ದಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ: ಹೀಗೆ ಎರಡು ಬುಟ್ಟಿ, ಒಂದು ಚೀಲ ಎಂದು ಹೈಕೋರ್ಟ್ 2015ರ ಡಿಸೆಂಬರಿನಲ್ಲೇ ಆದೇಶಿಸಿದೆ. ಕೆಂಪು ಬುಟ್ಟಿಗೆ ಹೋಗಬೇಕಾದದ್ದು ಇನ್ನೂ ಚೀಲಕ್ಕೇ ಬರುತ್ತದೆ.

ಕರಾರು ಗೆಲ್ಲುವುದೂ ಸೋಲುವುದೂ ಈ ಆರನೆಯ ರಾಶಿಯಲ್ಲಿ. ತೂಕ ಹಗುರ, ಗಾತ್ರ ಗುಡ್ಡ; ಗಾಡಿಯ ಜಾಗವನ್ನೆಲ್ಲ ತಿನ್ನುವುದು ಅದೇ. ಗುಜರಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಅದರಲ್ಲಿ ಉರಿಯುವಂಥದ್ದನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸುವುದಕ್ಕೂ ಸಾಗಣೆ ಖರ್ಚಿದೆ. ಹಾಗಾಗಿ ‘ಎಲ್ಲ ಒಣ ಕಸ’ ಎಂಬ ಮಾತಿಗೆ ಸಹಿ ಹಾಕಬೇಡಿ. ಥರ್ಮೊಕೋಲ್, ಚಪ್ಪಲಿ, ಚಿಪ್ಸ್ ಪೊಟ್ಟಣ ಎಂದು ಒಂದೊಂದರ ಹೆಸರು ಬರೆಸಿ. ‘ಮಿಶ್ರ ಕಸವನ್ನು ನಿರಾಕರಿಸಬಹುದು’ ಎಂಬ ಸಾಲಿದ್ದರೆ ಎಷ್ಟು ಬೆರೆತರೆ ಮಿಶ್ರ, ಅದನ್ನು ಯಾರ ಎದುರು ತೂಗಬೇಕು, ನಿರಾಕರಿಸಿದ ಚೀಲವನ್ನು ಎಷ್ಟು ದಿನದೊಳಗೆ ಮತ್ತೆ ಒಯ್ಯಬೇಕು ಎಂಬುದನ್ನೂ ಸೇರಿಸಿ. ಮಿತಿಯ ಅಂಕಿಯನ್ನು ನಿಮ್ಮ ಭಾನುವಾರದ ಲೆಕ್ಕ ನೋಡಿ ಹಾಕಿ.

ಮೂರನೆಯದು ದರ. ‘ಉಚಿತವಾಗಿ ಒಯ್ಯುತ್ತೇವೆ’ ಎನ್ನುವವರನ್ನು ಗೇಟಿನಿಂದಲೇ ಕಳಿಸಿ. ಅಂಥವರೊಬ್ಬರು ನಮ್ಮಲ್ಲಿ ರಟ್ಟು, ಬಾಟಲಿ ಆರಿಸಿಕೊಂಡು ಗುಡ್ಡವನ್ನು ನಮಗೇ ಬಿಟ್ಟುಹೋದರು. ಮನೆಗಿಷ್ಟು ಎಂದು ತಿಂಗಳ ಸೇವಾಶುಲ್ಕ ಕೊಡಿ. ಮಾರಿ ಬಂದ ಹಣದಲ್ಲಿ ಪಾಲು ಕೇಳುವುದಾದರೆ ಅದನ್ನು ಬೇರೆ ಸಾಲಿನಲ್ಲಿ ಬರೆಸಿ, ಆರು ತಿಂಗಳಿಗೊಮ್ಮೆ ದರ ಪರಿಶೀಲನೆ ಇರಲಿ. ರದ್ದಿಯ ಬೆಲೆ ನಂಬುವಂಥದ್ದಲ್ಲ. 2018ರಲ್ಲಿ ಚೀನಾ ಹೊರದೇಶದ ಪ್ಲಾಸ್ಟಿಕ್ಕಿಗೂ ವಿಂಗಡಿಸದ ಕಾಗದಕ್ಕೂ ಬಾಗಿಲು ಮುಚ್ಚಿದಾಗ, ಒಣ ಕಸದಿಂದ ಆದಾಯ ಕಾಣುತ್ತಿದ್ದ ಅಮೆರಿಕದ ಎಷ್ಟೋ ನಗರಾಡಳಿತಗಳು ಕೈಯಿಂದ ಹಣ ಕೊಟ್ಟು ಕಳಿಸಬೇಕಾಯಿತು. ಕೆಲವು ಊರುಗಳು ಮನೆಬಾಗಿಲ ಸಂಗ್ರಹವನ್ನೇ ನಿಲ್ಲಿಸಿದವು.

ನಾಲ್ಕನೆಯದು ಕಾಗದಪತ್ರ. ಒಣ ಕಸವನ್ನು ಅಧಿಕೃತರಿಗೇ ಒಪ್ಪಿಸುವ ಹೊಣೆಯನ್ನು 2016ರ ಘನತ್ಯಾಜ್ಯ ನಿಯಮಗಳೇ ದೊಡ್ಡ ವಸತಿ ಸಮುಚ್ಚಯಗಳ ಮೇಲೆ ಹೊರಿಸಿದ್ದವು. ಹೀಗಾಗಿ ಒಯ್ಯುವವರ ಅನುಮತಿ ಪತ್ರದ ಪ್ರತಿ ಪಡೆಯಿರಿ, ಅದರ ಅವಧಿ ನೋಡಿ. ಆಮೇಲೆ ಹೇಳದೆ ಕೇಳದೆ ಅವರ ವಿಂಗಡಣೆ ಶೆಡ್ಡಿಗೆ ಹೋಗಿ ಬನ್ನಿ. ಹಿಂದಿನ ಗೋಡೆಯ ಬುಡದಲ್ಲಿ ಸುಟ್ಟ ಮಸಿ ಕಂಡರೆ, ವಿಂಗಡಿಸುವ ಸಾಲಿನಲ್ಲಿ ಮಕ್ಕಳು ಕೂತಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಚಿಂದಿ ಆಯುತ್ತಿದ್ದವರೇ ಗುರುತಿನ ಚೀಟಿ ಪಡೆದು ನಡೆಸುತ್ತಿರುವ ಕೇಂದ್ರ ಹತ್ತಿರದಲ್ಲಿದ್ದರೆ ನನ್ನ ಓಟು ಅವರಿಗೆ. ಯಾವ ಪ್ಲಾಸ್ಟಿಕ್ ಎಂಬುದನ್ನು ಅವರು ಚರಪರ ಸದ್ದಿನಲ್ಲೇ ಹೇಳಬಲ್ಲರು.

ಇ-ಸ್ಟಾಂಪ್ ಕಾಗದ, ಇಬ್ಬರು ಸಾಕ್ಷಿಗಳು, ಸಹಿ. ಹಬ್ಬದ ವಾರ ಹೆಚ್ಚುವರಿ ಗಾಡಿ ಎಂಬ ಸಾಲನ್ನು ಮರೆಯಬೇಡಿ. ‘ಜೈವಿಕವಾಗಿ ಕರಗುತ್ತದೆ’ ಎಂದು ಮಾರುವ ಹಸಿರು ಚೀಲಗಳನ್ನು ಮನೆಮನೆಗೆ ಹಂಚಲು ಹೋಗಬೇಡಿ, ಗೋಣಿಚೀಲ ಸಾಕು. ಗಾಡಿ ಬರುವ ದಿನ, ಒಯ್ಯಬೇಕಾದ ವಸ್ತುಗಳ ಪಟ್ಟಿ, ಬಾರದಿದ್ದರೆ ಕರೆಯಬೇಕಾದ ನಂಬರು ಇಷ್ಟನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಕಸದ ಕೋಣೆಯ ಬಾಗಿಲಿಗೆ ಅಂಟಿಸಿ, ಅಲ್ಲಿ ಕೆಲಸ ಮಾಡುವ ಮಹಿಳೆಗೆ ಓದಿ ಹೇಳಿ. ಬೆಳಿಗ್ಗೆ ಏಳಕ್ಕೆ ಗಾಡಿಯವರು ಥರ್ಮೊಕೋಲ್ ಒಲ್ಲೆ ಎಂದಾಗ ಅಲ್ಲಿರುವುದು ಆ ಮಹಿಳೆ, ನೀವಲ್ಲ.