ಹಳೆಯ ಗ್ಯಾಸ್ ಗೀಸರ್ ನಡುವೆಯೇ ಆರುತ್ತಿದೆಯೇ? ಮೊದಲು ಗಡಿಯಾರ ನೋಡಿ

ಸ್ನಾನದ ಮಧ್ಯೆ ಗೀಸರ್ ಆರಿ ತಣ್ಣೀರು ಸುರಿಯತೊಡಗಿದರೆ ಅನೇಕರು ಸಿಲಿಂಡರ್ ಖಾಲಿಯಾಯಿತೆಂದು ಓಡುತ್ತಾರೆ. ಅದಕ್ಕೂ ಮೊದಲು, ಉರಿ ಹತ್ತಿ ಎಷ್ಟು ಹೊತ್ತಿಗೆ ಆರುತ್ತದೆ ಎಂದು ಎರಡು ಮೂರು ಸಲ ಗಮನಿಸಿ. ದೋಷ ಎಲ್ಲಿದೆ ಎನ್ನುವುದು ಅಲ್ಲೇ ಅರ್ಧ ತಿಳಿಯುತ್ತದೆ.

ಟಕ್ ಟಕ್ ಸದ್ದು ಕೇಳಿಸಿಯೂ ಉರಿ ಹತ್ತದಿದ್ದರೆ ಸೆಲ್ ನೋಡಿ. ಕಿಡಿ ಹಾರಿಸುವಷ್ಟು ಶಕ್ತಿ ಉಳಿದಿದ್ದರೂ ಗ್ಯಾಸ್ ವಾಲ್ವನ್ನು ತೆರೆಯಲು ಅದು ಸಾಲದೆ ಹೋಗಬಹುದು. ಸಾಮಾನ್ಯವಾಗಿ 1.5 ವೋಲ್ಟಿನ ಎರಡು ದಪ್ಪ ಸೆಲ್‌ಗಳಿರುತ್ತವೆ. ಎರಡನ್ನೂ ಒಟ್ಟಿಗೇ ಬದಲಿಸಿ. ರೀಚಾರ್ಜ್ ಸೆಲ್ ಬೇಡ, ಅದರದ್ದು 1.2 ವೋಲ್ಟ್ ಮಾತ್ರ. ಬಚ್ಚಲಿನ ತೇವಕ್ಕೆ ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಉಜ್ಜಿ ತೆಗೆಯಿರಿ.

ಚೆನ್ನಾಗಿ ಹತ್ತಿ ಐದು–ಹತ್ತು ಸೆಕೆಂಡಿನಲ್ಲಿ ಆರಿದರೆ ಅನುಮಾನ ಸೆನ್ಸರ್ ಕಡ್ಡಿಯ ಮೇಲೆ. ಬರ್ನರ್ ಪಕ್ಕದ ಪಿಂಗಾಣಿ ಬುಡದ ಕಡ್ಡಿಗಳಲ್ಲಿ ಒಂದು ಕಿಡಿ ಹಾರಿಸುತ್ತದೆ, ಇನ್ನೊಂದು ಉರಿ ಇದೆಯೇ ಎಂದು ಕಾಯುತ್ತದೆ. ಅದಕ್ಕೆ ಮಸಿ ಹಿಡಿದರೆ ಉರಿ ಇದ್ದರೂ ಇಲ್ಲವೆಂದೇ ತಿಳಿದು ಗ್ಯಾಸ್ ಮುಚ್ಚಿಬಿಡುತ್ತದೆ. ರೆಗ್ಯುಲೇಟರ್ ಮತ್ತು ನೀರು ಬಂದ್ ಮಾಡಿ, ಸೆಲ್ ತೆಗೆದು, ಗೀಸರ್ ತಣ್ಣಗಾದ ಮೇಲೆ ಮುಚ್ಚಳ ಬಿಚ್ಚಿ. ನಯವಾದ ಮರಳು ಕಾಗದದಿಂದ ಕಡ್ಡಿಯ ತುದಿಯನ್ನು ಹಗುರವಾಗಿ ಉಜ್ಜಿ. ಬಗ್ಗಿಸಬೇಡಿ, ತುದಿ ಉರಿಯೊಳಗೇ ಇರಬೇಕು. ಪಿಂಗಾಣಿ ಬಿರುಕು ಬಿಟ್ಟಿದ್ದರೆ ಕಡ್ಡಿಯನ್ನೇ ಬದಲಿಸಬೇಕು.

ಎರಡು ಮೂರು ನಿಮಿಷ ಉರಿದು, ನೀರು ಸುಡುವಷ್ಟಾಗಿ ಆರುತ್ತದೆಯೇ? ನೀರಿನ ಹರಿವು ಕಡಿಮೆಯಾಗಿ ನೀರು ಅತಿಯಾಗಿ ಕಾದರೆ ಗ್ಯಾಸ್ ನಿಲ್ಲಿಸುವ ಥರ್ಮೋಸ್ಟಾಟ್ ತನ್ನ ಕೆಲಸ ಮಾಡುತ್ತಿದೆ. ಬಿಸಿನೀರಿನ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷ ಹಿಡಿಯಿರಿ. ನಿಮಿಷಕ್ಕೆ 6 ಲೀಟರ್ ಕೊಡುವ ಗೀಸರಿನಿಂದ 3 ಲೀಟರೂ ಬರದಿದ್ದರೆ ನೀರು ಒಳಬರುವ ಕಡೆಯ ಜಾಲರಿ ತೊಳೆಯಿರಿ, ಶವರಿನ ತೂತುಗಳನ್ನು ಬಿಡಿಸಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಮೆಕ್ಯಾನಿಕ್ ಬಿಚ್ಚಿ ಕರಗಿಸುವುದು ಒಳ್ಳೆಯದು. ಬೇಸಿಗೆಯಲ್ಲಂತೂ ಗ್ಯಾಸ್ ತಿರುಪನ್ನು ಕಡಿಮೆಗೆ ತಿರುಗಿಸಿಡಿ.

ಅಡುಗೆಮನೆಯ ನಲ್ಲಿ ಬಿಟ್ಟಾಗಲೆಲ್ಲ ಆರಿದರೆ ಒತ್ತಡ ಸಾಲುತ್ತಿಲ್ಲ. ಟ್ಯಾಂಕ್ ತೀರಾ ತಗ್ಗಿನಲ್ಲಿರಬಹುದು, ಇಲ್ಲವೇ ನೀರಿನ ವಾಲ್ವಿನೊಳಗೆ ನೀರಿನ ಒತ್ತಡಕ್ಕೆ ಉಬ್ಬಿ ಗ್ಯಾಸ್ ತೆರೆಯುವ ರಬ್ಬರ್ ಪೊರೆ (ಡಯಾಫ್ರಾಮ್) ಜೋತುಬಿದ್ದಿರಬಹುದು. ಸರಿಯಾಗಿ 20 ನಿಮಿಷಕ್ಕೆ ಆರುವುದು ದೋಷವಲ್ಲ, ಹಲವು ಗೀಸರ್‌ಗಳಲ್ಲಿ ಇರುವ ಟೈಮರ್.

ಉರಿ ನೀಲಿಯಾಗಿರದೆ ಹಳದಿಯಾಗಿದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸಿ. ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತಿದೆ ಎಂದು ಅರ್ಥ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಬಚ್ಚಲಿನಲ್ಲಿ ಎಚ್ಚರ ತಪ್ಪಿಸಿ ಕೊಲ್ಲುತ್ತದೆ. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಪದೇ ಪದೇ ಆರುತ್ತದೆಂದು ಸೆನ್ಸರಿನ ವೈರುಗಳನ್ನು ನೇರ ಜೋಡಿಸಿ ‘ಸರಿ ಮಾಡಿಕೊಡುವ’ವರಿಗೆ ಬಿಡಲೇಬೇಡಿ.

ಗ್ಯಾಸ್ ಜೋಡಣೆಯನ್ನು ಬಿಚ್ಚಿದ್ದರೆ, ಮತ್ತೆ ಕೂಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆದು, ಸ್ವಿಚ್ ಮುಟ್ಟದೆ ಹೊರಬಂದು ಎಲ್‌ಪಿಜಿ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.