ನಕಲಿ ರ‍್ಯಾಕೆಟ್: ಗಟ್ಟಿಂಗ್ ಹಾಕಿಸುವ ಮೊದಲೇ ಪತ್ತೆ ಹಚ್ಚಿ

ಕೊಡಗಿನಲ್ಲಿ ಜೂನ್ ಮಳೆ ಹಿಡಿಯಿತೆಂದರೆ ಆಟವೆಲ್ಲ ಒಳಾಂಗಣಕ್ಕೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನಲ್ಲಿ ಹೊಸ ಶಟಲ್ ರ‍್ಯಾಕೆಟ್ ತರಿಸುವವರೂ ಆಗಲೇ ಹೆಚ್ಚು. ಹದಿನೈದು ಸಾವಿರದ ಯೋನೆಕ್ಸ್ ಕಂಪನಿಯ ರ‍್ಯಾಕೆಟ್ ನಾಲ್ಕು ಸಾವಿರಕ್ಕೆ ಸಿಕ್ಕರೆ ಅದನ್ನು ರಿಯಾಯಿತಿ ಎಂದು ನಂಬಲೇಬೇಡಿ.

ಪಾರ್ಸೆಲ್ ಬಿಚ್ಚುವುದನ್ನು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಒಮ್ಮೆ ಗಟ್ಟಿಂಗ್ (ಫ್ರೇಮ್‌ಗೆ ದಾರ ಹೆಣೆಯುವುದು) ಹಾಕಿಸಿದರೆ ವಾಪಸ್ ಮಾಡುವುದು ಕಷ್ಟ, ಹಾಗಾಗಿ ಪರೀಕ್ಷೆಯೆಲ್ಲ ಅದಕ್ಕೂ ಮೊದಲೇ ಆಗಬೇಕು.

ಮೊದಲು ತೂಕ. ಹಿಡಿಯ ಮೇಲ್ತುದಿಯ ಶಂಕುವಿನಾಕಾರದ ಮುಚ್ಚಳದಲ್ಲಿ, ಅಂದರೆ ಕೋನ್‌ನಲ್ಲಿ, 3ಯು, 4ಯು ಎಂಬ ತೂಕದ ಗುರುತಿರುತ್ತದೆ. ಯೋನೆಕ್ಸ್‌ನಲ್ಲಿ 3ಯು ಎಂದರೆ 85–89 ಗ್ರಾಂ, 4ಯು 80–84, 5ಯು 75–79. ಇದು ಗಟ್ಟಿಂಗ್, ಓವರ್‌ಗ್ರಿಪ್ (ಹಿಡಿಯ ಮೇಲೆ ಸುತ್ತುವ ಪಟ್ಟಿ) ಇಲ್ಲದ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಗಟ್ಟಿಂಗ್ ಇದ್ದರೆ ನಾಲ್ಕೈದು ಗ್ರಾಂ ಕಳೆಯಿರಿ. 4ಯು ಎಂದು ಬರೆದದ್ದು 91 ತೂಗಿದರೆ ಅನುಮಾನ ಬೇಡ, ವಾಪಸ್ ಕಳಿಸಿ. ತೂಕ ಸರಿ ಬಂದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ.

ಆಮೇಲೆ ಸಂಖ್ಯೆ. ಅಸಲಿಯಲ್ಲಿ ಕೋನ್‌ನ ಸಂಖ್ಯೆ ಕೆತ್ತಿದಂತಿರುತ್ತದೆ, ಉಗುರಿನಿಂದ ಕೆರೆದರೆ ಹೋಗುವುದಿಲ್ಲ. ಜೊತೆಗಿನ ಎರಡಕ್ಷರ ಯಾವ ದೇಶದ ಮಾರುಕಟ್ಟೆಗೆ ಎಂದು ಹೇಳುತ್ತದೆ: ಐಎನ್ ಭಾರತ, ಎಸ್‌ಪಿ ಸಿಂಗಪುರ. ಎಸ್‌ಪಿ ಇದ್ದರೆ ನಕಲಿ ಎಂದೇನಿಲ್ಲ, ಆದರೆ ಭಾರತದ ವಿತರಕರ ಮಾಲು ಎಂದು ಮಾರಿದವರನ್ನು ಕೇಳಲೇಬೇಕು. ಹೊಲೊಗ್ರಾಂ ಸ್ಟಿಕ್ಕರ್ ನಂಬಿ ಕೂರಬೇಡಿ, ಅದನ್ನೂ ನಕಲು ಮಾಡುತ್ತಾರೆ; ನಮ್ಮ ಮಳೆಗಾಲದ ತೇವಕ್ಕೆ ಅಸಲಿಯದೂ ಎದ್ದು ಬರಬಹುದು.

ಇನ್ನು ಕೈಯ ಕೆಲಸ. ಫ್ರೇಮ್ ಮತ್ತು ಶಾಫ್ಟ್ (ಹಿಡಿಗೂ ಫ್ರೇಮ್‌ಗೂ ನಡುವಿನ ಕೋಲು) ಸೇರುವಲ್ಲಿ ಹೆಬ್ಬೆರಳು ಸವರಿ: ಅಂಟಿನ ಗಡ್ಡೆ, ಮೆಟ್ಟಿಲು ತಾಗಬಾರದು. ಒಂದು ಕಣ್ಣು ಮುಚ್ಚಿ ಹಿಡಿಯ ಕಡೆಯಿಂದ ನೋಡಿ. ತಲೆ ತಿರುಚಿದ್ದರೆ ಅಲ್ಲೇ ಗೊತ್ತಾಗುತ್ತದೆ. ಗ್ರೊಮೆಟ್‌ಗಳು, ಅಂದರೆ ದಾರ ಹಾಯುವ ಪ್ಲಾಸ್ಟಿಕ್ ಕೊಳವೆಗಳು, ಫ್ರೇಮ್‌ನ ತೂತಿನಲ್ಲಿ ಬಿಗಿಯಾಗಿ ಕೂತಿರಬೇಕು. ದುಬಾರಿ ಮಾಡೆಲ್‌ಗಳು ಸಾಮಾನ್ಯವಾಗಿ ಗಟ್ಟಿಂಗ್ ಇಲ್ಲದೆ ಬರುತ್ತವೆ, ಹಾಕಿಸಿಯೇ ಬಂದರೆ ಇನ್ನಷ್ಟು ಎಚ್ಚರ. ಅದೇ ಮಾಡೆಲ್‌ನ ಅಸಲಿ ಪರಿಚಯದವರ ಬಳಿ ಇದ್ದರೆ ಪಕ್ಕಪಕ್ಕ ಇಟ್ಟು ಅಕ್ಷರ, ಬಣ್ಣ ಹೋಲಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಇಷ್ಟೆಲ್ಲ ಏಕೆಂದರೆ ನಕಲಿಯ ಬಣ್ಣ ಚೆನ್ನಾಗಿರುತ್ತದೆ, ಒಳಗಿನ ಕಾರ್ಬನ್ ಅಲ್ಲ. ಗಟ್ಟಿಂಗ್ ಯಂತ್ರದಲ್ಲಿ ಉದ್ದದ ಎಳೆಗಳನ್ನು ಮೊದಲು ಎಳೆಯುವಾಗ ಅಡ್ಡ ಎಳೆಗಳ ಆಸರೆ ಇನ್ನೂ ಇರುವುದಿಲ್ಲ. ದುರ್ಬಲ ಫ್ರೇಮ್ ಕುಸಿಯುವುದು ಆಗಲೇ. ಅನುಮಾನವಿದ್ದೂ ಹಾಕಿಸಲೇಬೇಕಾದರೆ ದಾರದ ಬಿಗಿತ 20 ಪೌಂಡ್ ದಾಟಿಸಬೇಡಿ, ಗಟ್ಟಿಂಗ್ ಹಾಕುವವರಿಗೆ ಮುಂಚೆಯೇ ತಿಳಿಸಿ. ಬಿರುಕು ಕಂಡ ರ‍್ಯಾಕೆಟ್ ಹಿಡಿದು ಡಬಲ್ಸ್ ಆಡಬೇಡಿ: ಸ್ಮ್ಯಾಷ್ ಹೊಡೆಯುವಾಗ ಮುರಿದರೆ ಚೂರು ತಾಗುವುದು ಜೊತೆಗಾರರ ಮುಖಕ್ಕೆ.